ಹೆಸರು ಅದೇ, ಉತ್ತರಿಸಿದ್ದು ಯಾವುದು?

ಕಳೆದ ಆಷಾಢದಲ್ಲಿ ಬಾಗಲೂರು ಕಡೆಯ ಒಬ್ಬ ತಾಯಿ ತಮ್ಮ ಮಗಳನ್ನು ಕರೆದುಕೊಂಡು ನನ್ನ ಕಚೇರಿಗೆ ಬಂದರು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಮೂರು ಕಾಗದಗಳು. ಮೊದಲನೆಯದು ಆ ತಾಯಿ ಕನ್ನಡ ಶಾಲೆ ಬಿಟ್ಟಾಗ ಪಡೆದ ವರ್ಗಾವಣೆ ಪತ್ರ. ಎರಡನೆಯದು ಜಮೀನಿನ ಪಟ್ಟಾ. ಮೂರನೆಯದು ಮಗಳ ವಿದ್ಯಾರ್ಥಿವೇತನದ ಅರ್ಜಿಯನ್ನು ತಿರಸ್ಕರಿಸಿ ಬಂದ ಪತ್ರ. ಶಾಲೆಯ ಪತ್ರದಲ್ಲಿ ತಾಯಿಯ ಹೆಸರು ಒಂದು ಬಗೆ, ಪಟ್ಟಾದಲ್ಲಿ ಇನ್ನೊಂದು ಬಗೆ. ತಿರಸ್ಕಾರಕ್ಕೆ ಕೊಟ್ಟ ಕಾರಣವೂ ಅದೇ.

ಇಂಥ ತೊಡಕು ನಮ್ಮ ಗಡಿನಾಡಿನ ಮನೆಮನೆಯಲ್ಲೂ ಇದೆ ಎಂಬುದನ್ನು ಈ ಅಂಕಣದ ಓದುಗರಿಗೆ ಹೇಳಬೇಕಾಗಿಲ್ಲ. ಭಾಗ್ಯಮ್ಮ ಎಂಬ ಸಾಮಾನ್ಯ ಹೆಸರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ತಮಿಳು ಲಿಪಿಯಲ್ಲಿ ಪ, ಬ, ಭ ಮೂರಕ್ಕೂ ಒಂದೇ ಅಕ್ಷರ. ಕನ್ನಡದ ಭಾಗ್ಯಮ್ಮ ತಮಿಳಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬರುವ ಹೊತ್ತಿಗೆ ಪಾಕ್ಕಿಯಮ್ಮಾಳ್ ಆಗಿರುತ್ತಾರೆ. ಹೆಸರಿನ ಮುಂದೆ ತಂದೆಯ ಮೊದಲಕ್ಷರ ಒಂದು ಕಡೆ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ವ್ಯಕ್ತಿ ಒಬ್ಬರೇ, ಹೆಸರು ಮೂರು.

ಇದಕ್ಕೆ ನಮ್ಮ ನ್ಯಾಯಾಲಯಗಳು ಹಳೆಯದೊಂದು ಉಪಾಯವನ್ನು ಇಟ್ಟುಕೊಂಡಿವೆ. ಕರ್ನಾಟಕದ ದಸ್ತಾವೇಜುಗಳಲ್ಲಿ 'ಉರುಫ್' ಅಥವಾ 'ಯಾನೆ' ಎಂದು ಬರೆಯುತ್ತಾರೆ. ತಮಿಳಿನ ಪತ್ರಗಳಲ್ಲಿ 'ಎನ್ಗಿರ' ಎನ್ನುತ್ತಾರೆ. ತಮಿಳುನಾಡಿನ ನ್ಯಾಯಾಲಯದ ಕಾಗದಗಳನ್ನು ಇಂಗ್ಲಿಷಿನಲ್ಲಿ ನೋಡಿದವರಿಗೆ ಎರಡು ಹೆಸರುಗಳ ನಡುವೆ ಈ @ ಚಿಹ್ನೆ ಕಂಡಿರುತ್ತದೆ. ಇ-ಮೇಲ್ ವಿಳಾಸದ ಚಿಹ್ನೆ ಇಲ್ಲಿಗೇಕೆ ಬಂತು ಎಂದು ಅನೇಕರು ಕೇಳಿದ್ದಾರೆ. ಅದರ ಅರ್ಥ 'ಅಲಿಯಾಸ್', ಅಂದರೆ ಈ ಎರಡು ಹೆಸರೂ ಒಬ್ಬರವೇ ಎಂಬ ಘೋಷಣೆ.

ಆ ತಾಯಿಯ ವಿಷಯ ಇಷ್ಟೇ ಆಗಿದ್ದರೆ ಈ ವಾರದ ಅಂಕಣಕ್ಕೆ ಅದು ವಸ್ತುವಾಗುತ್ತಿರಲಿಲ್ಲ. ಮಗಳು ತನ್ನ ಮೊಬೈಲನ್ನು ಮುಂದಿಟ್ಟಳು. ವಿದ್ಯಾರ್ಥಿವೇತನ ನೀಡುವ ಆ ಖಾಸಗಿ ಸಂಸ್ಥೆಯ ಜಾಲತಾಣದಲ್ಲಿ ಪ್ರಶ್ನೆಗಳಿಗೆ ಉತ್ತರ ಕೊಡುವ ಒಂದು ಎಐ ಸಹಾಯಕ ಇದೆ. ಅರ್ಜಿ ಹಾಕುವ ಮೊದಲು ಆಕೆ ಅದನ್ನೇ ಕೇಳಿದ್ದಳು: ತಾಯಿಯ ಹೆಸರು ಎರಡು ಬಗೆಯಲ್ಲಿದೆ, ಯಾವ ದಾಖಲೆ ಲಗತ್ತಿಸಬೇಕು? ನೋಟರಿಯ ಮುಂದೆ ಮಾಡಿದ ಪ್ರಮಾಣಪತ್ರ ಸಾಕು ಎಂದು ಸಹಾಯಕ ಉತ್ತರಿಸಿತ್ತು. ಅವರು ಹಾಗೆಯೇ ಮಾಡಿದರು. ಹತ್ತು ದಿನಗಳ ನಂತರ ಅರ್ಜಿ ತಿರಸ್ಕೃತವಾಯಿತು, ಕಂದಾಯ ಅಧಿಕಾರಿಯ ಪತ್ರ ಬೇಕಿತ್ತಂತೆ. ಆಕೆ ಮತ್ತೆ ಅದೇ ಸಹಾಯಕವನ್ನು ಕೇಳಿದಾಗ, ಈ ಬಾರಿ ಅದೂ ಕಂದಾಯ ಅಧಿಕಾರಿಯ ಪತ್ರವೇ ಬೇಕು ಎಂದಿತು. ಸಂಸ್ಥೆಗೆ ದೂರವಾಣಿ ಮಾಡಿದರೆ ಬಂದ ಮಾತು: "ನಮ್ಮ ಸಹಾಯಕ ಮೊದಲಿನಿಂದಲೂ ಒಂದೇ. ಅದು ಹಾಗೆ ಹೇಳಿರಲಾರದು."

ಸಹಾಯಕದ ಹೆಸರು ಒಂದೇ, ಪರದೆಯ ಮೇಲಿನ ಚಿತ್ರ ಒಂದೇ, ವಿಳಾಸ ಒಂದೇ. ಉತ್ತರ ಮಾತ್ರ ಎರಡು. ಹಾಗಾದರೆ ಮೊದಲ ದಿನ ಉತ್ತರಿಸಿದ್ದು ಯಾವುದು? ನೋಟಿಸು ಬರೆಯಲು ಕುಳಿತ ನನಗೆ ಮೊದಲ ವಾಕ್ಯದಲ್ಲೇ ಲೇಖನಿ ನಿಂತಿತು.

ನಮ್ಮ ಬೀದಿಯ ಒಬ್ಬ ತರುಣ ಕನ್ನಡ ಮಾಧ್ಯಮದಲ್ಲೇ ಹತ್ತನೆಯ ತರಗತಿಯವರೆಗೆ ಓದಿ, ಈಗ ದಿನವೂ ಅತ್ತಿಬೆಲೆ ದಾಟಿ ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗುತ್ತಾನೆ. ಇಂಥ ಸಹಾಯಕಗಳನ್ನು ಕ್ಲೌಡ್ ಗಣಕಗಳ ಮೇಲೆ ನಿಲ್ಲಿಸುವುದೇ ಅವನ ವೃತ್ತಿ. ಒಂದು ಭಾನುವಾರ ಅವನನ್ನು ಕರೆಸಿ ಕೇಳಿದೆ. ಅವನು ನಕ್ಕು, "ಸಾರ್, ಇದು ನಿಮ್ಮ ಅಲಿಯಾಸ್ ವಿಷಯವೇ" ಎಂದ. ನನಗೆ ಆಶ್ಚರ್ಯವಾಯಿತು. ಅವರ ಶಾಸ್ತ್ರದಲ್ಲೂ ಅಲಿಯಾಸ್ ಎಂಬ ಪದವೇ ಇದೆ, ಅದಕ್ಕೆ ನಿಯಮಗಳೂ ಇವೆ. ಅವನು ವಿವರಿಸಿದ್ದನ್ನು, ನಾನು ಆಮೇಲೆ ಓದಿ ದೃಢಪಡಿಸಿಕೊಂಡದ್ದನ್ನು, ನಮ್ಮ ಮಕ್ಕಳಿಗೂ ಹೆತ್ತವರಿಗೂ ತಿಳಿಯುವಂತೆ ಇಲ್ಲಿ ಬರೆಯುತ್ತಿದ್ದೇನೆ.

ಎಐ ಏಜೆಂಟ್ ಎಂದರೆ ಕೇವಲ ಮಾತನಾಡುವ ಯಂತ್ರವಲ್ಲ. ಅದಕ್ಕೆ ನಾಲ್ಕು ಅಂಗಗಳಿವೆ ಎಂದು ತಿಳಿಯೋಣ. ಭಾಷೆಯನ್ನು ಗ್ರಹಿಸಿ ಉತ್ತರ ರಚಿಸುವ ಒಂದು ಮಾದರಿ. 'ನೀನು ಹೀಗೆ ನಡೆದುಕೊಳ್ಳಬೇಕು' ಎಂದು ಅದಕ್ಕೆ ಕೊಟ್ಟ ಲಿಖಿತ ಸೂಚನೆ. ಅದು ತೆರೆದು ನೋಡಬಹುದಾದ ದಾಖಲೆಗಳ ಭಂಡಾರ. ಅರ್ಜಿಯ ಸ್ಥಿತಿ ನೋಡುವುದು, ದಿನಾಂಕ ಕಾಯ್ದಿರಿಸುವುದು ಮುಂತಾಗಿ ಅದು ಮಾಡಬಹುದಾದ ಕೆಲಸಗಳ ಪಟ್ಟಿ. ಈ ನಾಲ್ಕೂ ಸೇರಿದರೆ ಒಂದು ಏಜೆಂಟ್. ಅಮೆಜಾನ್ ಕಂಪನಿಯ ಬೆಡ್‌ರಾಕ್ ಎಂಬ ಸೇವೆಯಲ್ಲಿ ಇಂಥ ಏಜೆಂಟುಗಳನ್ನು ಕಟ್ಟುವ ಸೌಲಭ್ಯ 2023ರ ನವೆಂಬರ್‌ನಲ್ಲಿ ಎಲ್ಲರಿಗೂ ತೆರೆಯಿತು. ತರುಣ ನನಗೆ ತೋರಿಸಿದ್ದು ಆ ಸೇವೆಯ ನಿಯಮಗಳನ್ನೇ. ಬೇರೆ ಕಂಪನಿಗಳ ಸೇವೆಗಳಲ್ಲೂ ಇದೇ ತತ್ತ್ವ ಬೇರೆ ಬೇರೆ ಹೆಸರಿನಲ್ಲಿ ಕಾಣುತ್ತದೆ.

ಏಜೆಂಟನ್ನು ರಚಿಸುವಾಗ ಅದು ಮೊದಲು ಕರಡಿನ ಸ್ಥಿತಿಯಲ್ಲಿರುತ್ತದೆ. ಕರಡನ್ನು ಎಷ್ಟು ಸಲ ಬೇಕಾದರೂ ತಿದ್ದಬಹುದು, ಪರೀಕ್ಷಿಸಬಹುದು. ಪರೀಕ್ಷೆಗೆಂದೇ ಸೇವೆಯು ಒಂದು ಅಲಿಯಾಸನ್ನು ತಾನೇ ಒದಗಿಸಿರುತ್ತದೆ, ಅದು ಸದಾ ಕರಡನ್ನೇ ತೋರುತ್ತದೆ. ಕರಡು ತೃಪ್ತಿಕರವೆನಿಸಿದಾಗ ಅದರದೊಂದು ಪ್ರತಿಯನ್ನು ತೆಗೆದು ಸಂಖ್ಯೆ ಕೊಡಲಾಗುತ್ತದೆ: ಆವೃತ್ತಿ 1, ಆವೃತ್ತಿ 2, ಆವೃತ್ತಿ 3. ಒಮ್ಮೆ ಸಂಖ್ಯೆ ಬಿದ್ದ ಆವೃತ್ತಿಯನ್ನು ತಿದ್ದಲು ಬರುವುದಿಲ್ಲ. ಉಪನೋಂದಣಿ ಕಚೇರಿಯ ವ್ಯವಹಾರ ಬಲ್ಲವರಿಗೆ ಇದು ಹೊಸದಲ್ಲ. ಕರಡು ಕ್ರಯಪತ್ರವನ್ನು ಹತ್ತು ಸಲ ಹೊಡೆದು ಬರೆಯಬಹುದು. ನೋಂದಣಿಯಾದ ಮೇಲೆ ಒಂದು ಅಕ್ಷರ ತಪ್ಪಿದ್ದರೂ ಅದರ ಮೇಲೆ ಗೀಚುವಂತಿಲ್ಲ, ಪ್ರತ್ಯೇಕ ತಿದ್ದುಪಡಿ ಪತ್ರವನ್ನೇ ಬರೆದು ನೋಂದಾಯಿಸಬೇಕು.

ಇನ್ನು ಅಲಿಯಾಸ್. ಸಾರ್ವಜನಿಕರು ಬಳಸುವ ಜಾಲತಾಣವು 'ಆವೃತ್ತಿ 3ನ್ನು ಕರೆ' ಎಂದು ನೇರವಾಗಿ ಹೇಳುವುದಿಲ್ಲ. ಅದು ಒಂದು ಅಲಿಯಾಸನ್ನು ಕರೆಯುತ್ತದೆ. 'ಲೈವ್' ಎಂಬ ಹೆಸರಿನದು ಎಂದುಕೊಳ್ಳೋಣ. ಆ ಅಲಿಯಾಸ್ ಯಾವ ಆವೃತ್ತಿಯನ್ನು ತೋರುತ್ತದೆಯೋ ಅದು ಉತ್ತರಿಸುತ್ತದೆ. ನಾಳೆ ಆವೃತ್ತಿ 4 ಸಿದ್ಧವಾದರೆ ಅಲಿಯಾಸನ್ನು ಅದರ ಕಡೆಗೆ ತಿರುಗಿಸಿದರೆ ಆಯಿತು. ಜಾಲತಾಣದಲ್ಲಿ ಏನನ್ನೂ ಬದಲಿಸಬೇಕಾಗಿಲ್ಲ. ನಾಲ್ಕನೆಯದರಲ್ಲಿ ದೋಷ ಕಂಡರೆ ಮತ್ತೆ ಮೂರನೆಯದಕ್ಕೆ ಹಿಂತಿರುಗಿಸಬಹುದು.

ಇದಕ್ಕಿಂತ ಸರಳವಾದ ಹೋಲಿಕೆ ಬೇಕೆಂದರೆ ನಮ್ಮ ಅರ್ಜಿಗಳ ತಲೆಬರಹವನ್ನು ನೋಡಿ. ನಾವು 'ಮಾನ್ಯ ತಹಶೀಲ್ದಾರರು, ಹೊಸೂರು' ಎಂದು ಬರೆಯುತ್ತೇವೆಯೇ ಹೊರತು ಅಧಿಕಾರಿಯ ಸ್ವಂತ ಹೆಸರನ್ನು ಬರೆಯುವುದಿಲ್ಲ. ಅಧಿಕಾರಿ ವರ್ಗವಾದರೂ ಅರ್ಜಿ ತಲುಪಬೇಕಾದ ಕುರ್ಚಿಗೇ ತಲುಪುತ್ತದೆ. ಹುದ್ದೆ ಅಲಿಯಾಸ್ ಇದ್ದಂತೆ, ಆ ಕುರ್ಚಿಯಲ್ಲಿ ಅಂದು ಕುಳಿತವರು ಆವೃತ್ತಿ ಇದ್ದಂತೆ. ಈ ಏರ್ಪಾಡು ಜನರಿಗೆ ಅನುಕೂಲಕರ. ಆದರೆ ಐದು ವರ್ಷದ ನಂತರ ಒಂದು ಆದೇಶ ವಿವಾದಕ್ಕೆ ಬಂದರೆ, ಆ ದಿನ ಆ ಕುರ್ಚಿಯಲ್ಲಿ ಯಾರಿದ್ದರು ಎಂದು ಹೇಳಬಲ್ಲ ಪ್ರಭಾರದ ದಾಖಲೆ ಇರಲೇಬೇಕು. ಇಲ್ಲವಾದರೆ ಹುದ್ದೆಯ ಹೆಸರು ಎಲ್ಲರ ಹೊಣೆಯನ್ನೂ ಮರೆಮಾಡುವ ಪರದೆಯಾಗುತ್ತದೆ.

ಕಾನೂನು ತನ್ನ ಮನೆಯಲ್ಲಿ ಈ ಪ್ರಶ್ನೆಯನ್ನು ಹೇಗೆ ಬಿಡಿಸಿಕೊಂಡಿದೆ ಎಂಬುದು ಗಮನಾರ್ಹ. ನಾವಿರುವ ರಾಜ್ಯದ ಹೆಸರು 1969ರ ಜನವರಿ 14ರಂದು ಮದರಾಸಿನಿಂದ ತಮಿಳುನಾಡು ಎಂದಾಯಿತು. ಮೈಸೂರು ರಾಜ್ಯ 1973ರ ನವೆಂಬರ್ 1ರಂದು ಕರ್ನಾಟಕವಾಯಿತು. ಎರಡಕ್ಕೂ ಸಂಸತ್ತು ಪ್ರತ್ಯೇಕ ಅಧಿನಿಯಮ ಮಾಡಿತು. ಹಳೆಯ ಹೆಸರಿನಲ್ಲಿ ನಡೆಯುತ್ತಿದ್ದ ದಾವೆಗಳಲ್ಲಿ ಹೊಸ ಹೆಸರು ತಾನಾಗಿ ಬಂದು ಕೂರುವುದೆಂದು ಅದರಲ್ಲೇ ಬರೆದಿತ್ತು. 1996ರಲ್ಲಿ ಮದರಾಸು ನಗರ ಚೆನ್ನೈ ಆದರೂ ಉಚ್ಚ ನ್ಯಾಯಾಲಯದ ಹೆಸರು ಇಂದಿಗೂ ಮದರಾಸು ಉಚ್ಚ ನ್ಯಾಯಾಲಯವೇ. ನಮ್ಮೂರು ಕನ್ನಡಕ್ಕೆ ಹೊಸೂರು, ತಮಿಳಿಗೆ ಓಸೂರ್. ನಮ್ಮ ಹೊಳೆ ನಂದಿಬೆಟ್ಟದ ಕಡೆಯಿಂದ ದಕ್ಷಿಣ ಪಿನಾಕಿನಿಯಾಗಿ ಬಂದು, ಕೆಲವರಪಳ್ಳಿ ಅಣೆಕಟ್ಟೆಯ ಹೊತ್ತಿಗೆ ತೆನ್‌ಪೆಣ್ಣೈ ಆಗಿರುತ್ತದೆ. 2020ರ ಜೂನ್‌ನಲ್ಲಿ ತಮಿಳುನಾಡು ಸರ್ಕಾರ 1018 ಊರುಗಳ ಇಂಗ್ಲಿಷ್ ಕಾಗುಣಿತವನ್ನು ತಮಿಳು ಉಚ್ಚಾರಕ್ಕೆ ತಕ್ಕಂತೆ ಬದಲಿಸಲು ಆದೇಶ ಹೊರಡಿಸಿ, ಕೆಲವೇ ದಿನಗಳಲ್ಲಿ ಅದನ್ನು ಹಿಂಪಡೆಯಿತು. ಹೆಸರನ್ನು ಬದಲಿಸುವುದು ಒಂದು ಆದೇಶದಷ್ಟು ಸುಲಭ, ಆ ಹೆಸರನ್ನು ನಂಬಿಕೊಂಡ ಸಾವಿರಾರು ಕಾಗದಗಳನ್ನು ಸರಿದೂಗಿಸುವುದು ಕಷ್ಟ.

ಸಾಮಾನ್ಯ ಖಂಡಗಳ ಅಧಿನಿಯಮ, 1897 ಎಂಬ ಪುಟ್ಟ ಕಾನೂನೊಂದಿದೆ. ಅದರ 8ನೆಯ ಕಲಮು ಹೇಳುವುದು ಇಷ್ಟು: ಒಂದು ಕಾನೂನನ್ನು ರದ್ದುಮಾಡಿ ಹೊಸದಾಗಿ ರಚಿಸಿದರೆ, ಬೇರೆ ಕಾನೂನುಗಳಲ್ಲಿ ಹಳೆಯದಕ್ಕಿರುವ ಉಲ್ಲೇಖವನ್ನು ಹೊಸದರ ಉಲ್ಲೇಖವೆಂದೇ ಓದಿಕೊಳ್ಳಬೇಕು, ಬೇರೆ ಉದ್ದೇಶ ಕಾಣದ ಹೊರತು. ತರುಣನಿಗೆ ಇದನ್ನು ಓದಿ ಹೇಳಿದಾಗ, "ಇದೇ ಸಾರ್ ಅಲಿಯಾಸ್ ತಿರುಗಿಸುವುದು" ಎಂದ. ಆದರೆ ಅದೇ ಅಧಿನಿಯಮದ 6ನೆಯ ಕಲಮು ಇನ್ನೊಂದು ತಕ್ಕಡಿಯನ್ನು ಹಿಡಿದಿದೆ: ಹಳೆಯ ಕಾನೂನಿನ ಕಾಲದಲ್ಲಿ ಹುಟ್ಟಿದ ಹಕ್ಕು, ಹೊಣೆ, ಶಿಕ್ಷೆ ಅದರ ರದ್ದತಿಯಿಂದ ಅಳಿಯುವುದಿಲ್ಲ. ಹೀಗಾಗಿಯೇ 2024ರ ಜೂನ್ 30ರಂದು ನಡೆದ ವಂಚನೆಗೆ ಭಾರತೀಯ ದಂಡ ಸಂಹಿತೆಯ 420ನೆಯ ಕಲಮು, ಮರುದಿನ ನಡೆದದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿನ 4ನೆಯ ಉಪಕಲಮು. ನಮ್ಮ ಆಡುಮಾತಿನ 'ಫೋರ್ ಟ್ವೆಂಟಿ' ಮಾತ್ರ ಯಾವ ಸಂಹಿತೆಗೂ ಜಗ್ಗದೆ ಉಳಿದಿದೆ! ನ್ಯಾಯಾಲಯ ಮೊದಲು ಕೇಳುವ ಪ್ರಶ್ನೆ ಒಂದೇ: ಆ ದಿನ ಜಾರಿಯಲ್ಲಿದ್ದದ್ದು ಯಾವುದು?

ಗಣಕಲೋಕದಲ್ಲಿ ಈ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಅಲಿಯಾಸನ್ನು ಬರೆದಿಡುವ ಕ್ರಮ ಸರಿಯಾಗಿರಬೇಕು. ಎರಡು ಕ್ರಮಗಳಿವೆ. ಒಂದು, ಜಾಲತಾಣವನ್ನು ತೆರೆದು ಕೈಯಿಂದ ಗುಂಡಿಗಳನ್ನು ಒತ್ತಿ ಅಲಿಯಾಸನ್ನು ತಿರುಗಿಸುವುದು. ಇದು ಬೇಗನೆ ಆಗುತ್ತದೆ, ಆದರೆ ಬಾಯಿಮಾತಿನ ಒಪ್ಪಂದವಿದ್ದಂತೆ. ಯಾರು, ಏಕೆ ಮಾಡಿದರು ಎಂಬುದು ಮಾಡಿದವರ ನೆನಪಿನಲ್ಲಷ್ಟೇ ಉಳಿಯುವ ಅಪಾಯವಿದೆ. ಇನ್ನೊಂದು, ಗಣಕಗಳ ಇಡೀ ಏರ್ಪಾಡನ್ನು ಒಂದು ಪಠ್ಯಕಡತವಾಗಿ ಬರೆದು, ಆ ಕಡತವನ್ನು ಓದಿ ಜಾರಿಗೊಳಿಸುವ ಕೆಲಸವನ್ನು ಒಂದು ಉಪಕರಣಕ್ಕೆ ಒಪ್ಪಿಸುವುದು. 'ಮೂಲಸೌಕರ್ಯವನ್ನು ಕೋಡ್ ಆಗಿ ಬರೆಯುವುದು' ಎಂದು ಇದನ್ನು ಕರೆಯುತ್ತಾರೆ. ಅಮೆಜಾನ್‌ನ ಕ್ಲೌಡ್‌ಫಾರ್ಮೇಷನ್ 2011ರಲ್ಲಿ, ಹಾಶಿಕಾರ್ಪ್ ಸಂಸ್ಥೆಯ ಟೆರಾಫಾರ್ಮ್ 2014ರಲ್ಲಿ ಬಂದವು. ಇಂದು ಬೆಂಗಳೂರಿಗೆ ಹೋಗಿ ದುಡಿಯುವ ನಮ್ಮ ಅನೇಕ ಮಕ್ಕಳು ದಿನನಿತ್ಯ ಬಳಸುವುದು ಇಂಥ ಉಪಕರಣಗಳನ್ನೇ.

ತರುಣ ತೋರಿಸಿದ ಕಡತದಲ್ಲಿ ಅಲಿಯಾಸಿಗೆ ಸಂಬಂಧಿಸಿದ ಭಾಗ ಏಳೆಂಟು ಸಾಲುಗಳಷ್ಟೇ. ಇದು ಯಾವ ಬಗೆಯ ವಸ್ತು ಎಂಬುದು ಮೊದಲ ಸಾಲು. ಆಮೇಲೆ ಇದು ಯಾವ ಏಜೆಂಟಿಗೆ ಸೇರಿದ್ದು ಎಂಬ ಗುರುತು, ಹತ್ತು ಅಕ್ಷರಗಳ ಸಂಕೇತ. ಆಮೇಲೆ ಅಲಿಯಾಸಿನ ಹೆಸರು. ಆಮೇಲೆ 200 ಅಕ್ಷರಗಳನ್ನು ಮೀರದ ವಿವರಣೆ. ಕೊನೆಗೆ ಯಾವ ಆವೃತ್ತಿಯ ಕಡೆಗೆ ಕರೆಯನ್ನು ಕಳುಹಿಸಬೇಕು ಎಂಬ ಸಂಖ್ಯೆ. ಹೆಸರಿಗೆ ನಿರ್ಬಂಧವಿದೆ: ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ, ಕೆಳಗೆರೆ ಇವಿಷ್ಟೇ ಸಲ್ಲುತ್ತವೆ. ಕನ್ನಡದಲ್ಲಿ ಮಾತನಾಡುವ ಸಹಾಯಕಕ್ಕೂ ತನ್ನ ಅಲಿಯಾಸನ್ನು ಕನ್ನಡದಲ್ಲಿ ಬರೆದುಕೊಳ್ಳುವ ಅವಕಾಶವಿಲ್ಲ. ಬೇರೆ ಲಿಪಿಯಲ್ಲಿ ನಮ್ಮ ಹೆಸರು ಬರೆಯಿಸಿಕೊಂಡು ಅಭ್ಯಾಸವಾದ ನಮಗೆ ಇದೊಂದು ದೊಡ್ಡ ಬೆರಗಲ್ಲ.

ಆವೃತ್ತಿಯ ಸಂಖ್ಯೆಯನ್ನು ಬರೆಯದೆ ಬಿಟ್ಟರೂ ಕಡತ ತಪ್ಪಾಗುವುದಿಲ್ಲ. ಅಲಿಯಾಸ್ ಹುಟ್ಟುವಾಗ ಅಂದಿನ ಕರಡಿನಿಂದ ಒಂದು ಹೊಸ ಆವೃತ್ತಿಯನ್ನು ಸೇವೆಯೇ ತೆಗೆದು ಅದಕ್ಕೆ ಜೋಡಿಸುತ್ತದೆ. ಅನುಕೂಲವೇನೋ ಹೌದು. ಆದರೆ ವಕೀಲನ ಕಣ್ಣಿಗೆ ಅದು ದಿನಾಂಕದ ಜಾಗವನ್ನು ಖಾಲಿ ಬಿಟ್ಟು ಸಹಿ ಹಾಕಿದ ಪತ್ರದಂತೆ ಕಂಡಿತು. ಸಂಖ್ಯೆಯನ್ನು ಸ್ಪಷ್ಟವಾಗಿ ಬರೆದರೆ ಕಡತವನ್ನು ಓದಿದ ಯಾರಿಗಾದರೂ ಅಂದು ಯಾವ ಆವೃತ್ತಿ ಜಾರಿಯಲ್ಲಿತ್ತು ಎಂಬುದು ತಿಳಿಯುತ್ತದೆ. ಕಡತದ ಪ್ರತಿ ಬದಲಾವಣೆಯೂ ದಿನಾಂಕ, ಬದಲಿಸಿದವರ ಹೆಸರು, ಕಾರಣಗಳೊಡನೆ ಗಿಟ್ ಎಂಬ ದಾಖಲೆ ಪುಸ್ತಕದಲ್ಲಿ ಕೂರುತ್ತದೆ. ಜಾರಿಗೊಳ್ಳುವ ಮುನ್ನ ಮತ್ತೊಬ್ಬರು ಓದಿ ಒಪ್ಪಬೇಕೆಂಬ ನಿಯಮವನ್ನೂ ಮಾಡಬಹುದು. ಪತ್ರಕ್ಕೆ ಸಾಕ್ಷಿಗಳ ಸಹಿ ಇದ್ದಂತೆ ಇದು.

ಇಲ್ಲೊಂದು ಗುಂಡಿ ಇದೆ, ಅನುಭವವಿದ್ದವರೂ ಅದರಲ್ಲಿ ಬೀಳುತ್ತಾರಂತೆ. ಕಡತದಲ್ಲಿ ಏಜೆಂಟಿನ ಸೂಚನೆಯನ್ನು ತಿದ್ದಿದೆವು ಎನ್ನಿ. 'ಪ್ರಮಾಣಪತ್ರ ಸಾಕು' ಎಂಬುದನ್ನು 'ಕಂದಾಯ ಅಧಿಕಾರಿಯ ಪತ್ರ ಬೇಕು' ಎಂದು ಬದಲಿಸಿದೆವು. ಉಪಕರಣ ಕಡತವನ್ನು ಓದಿ ಏಜೆಂಟಿನ ಕರಡನ್ನು ಬದಲಿಸುತ್ತದೆ. ಆದರೆ ಅಲಿಯಾಸಿನ ಸಾಲುಗಳಲ್ಲಿ ಏನೂ ಬದಲಾಗಿಲ್ಲವಾದ್ದರಿಂದ ಅದು ಅಲಿಯಾಸನ್ನು ಮುಟ್ಟುವುದೇ ಇಲ್ಲ. ಅಲಿಯಾಸ್ ಹಳೆಯ ಆವೃತ್ತಿಯನ್ನೇ ತೋರುತ್ತಿರುತ್ತದೆ. ಕಚೇರಿಯಲ್ಲಿ ಕುಳಿತವರು ಪರೀಕ್ಷೆಯ ಅಲಿಯಾಸಿನ ಮೂಲಕ ಕರಡನ್ನು ಕೇಳಿ, ಹೊಸ ಉತ್ತರ ಬರುವುದನ್ನು ಕಂಡು, ಕೆಲಸವಾಯಿತು ಎಂದುಕೊಳ್ಳುತ್ತಾರೆ. ಹೊರಗಿನ ತಾಯಿ-ಮಗಳಿಗೆ ಹಳೆಯ ಉತ್ತರವೇ ಸಿಗುತ್ತಿರುತ್ತದೆ. ಯಾರೋ ಹಲವು ದಿನಗಳ ಮೇಲೆ ಗಮನಿಸಿ ಅಲಿಯಾಸನ್ನು ತಿರುಗಿಸುವವರೆಗೆ ಒಳಗೊಂದು ಕಾನೂನು, ಹೊರಗೊಂದು ಕಾನೂನು.

ನಮ್ಮಲ್ಲಿ ಇದಕ್ಕೆ ಸರಿಯಾದ ಪ್ರತಿಬಿಂಬವಿದೆ. ಭಾರತೀಯ ನ್ಯಾಯ ಸಂಹಿತೆಗೆ ರಾಷ್ಟ್ರಪತಿಗಳ ಅಂಕಿತ ದೊರೆತದ್ದು 2023ರ ಡಿಸೆಂಬರ್ 25ರಂದು. ಅದು ಜಾರಿಗೆ ಬಂದದ್ದು 2024ರ ಜುಲೈ 1ರಂದು. ನಡುವಿನ ಆರು ತಿಂಗಳು ಹೊಸ ಪುಸ್ತಕ ಅಂಗಡಿಯಲ್ಲಿತ್ತು, ಹಳೆಯ ಕಾನೂನು ನ್ಯಾಯಾಲಯದಲ್ಲಿತ್ತು. ಅದರ 106ನೆಯ ಕಲಮಿನ 2ನೆಯ ಉಪಕಲಮು ಆ ಜುಲೈ 1ರಂದೂ ಜಾರಿಗೆ ಬರಲಿಲ್ಲ, ಅಧಿಸೂಚನೆಯು ಅದನ್ನು ಹೊರಗಿಟ್ಟಿತ್ತು. ಅಚ್ಚಾದ ಮಾತ್ರಕ್ಕೆ ಕಾನೂನು ಚಲಿಸುವುದಿಲ್ಲ, ಅಧಿಸೂಚನೆ ಬೇಕು. ಸೂಚನೆ ತಿದ್ದಿದ ಮಾತ್ರಕ್ಕೆ ಸಹಾಯಕ ಬದಲಾಗುವುದಿಲ್ಲ, ಅಲಿಯಾಸ್ ತಿರುಗಬೇಕು. ವ್ಯತ್ಯಾಸವೆಂದರೆ ಕಾನೂನಿನ ಅಧಿಸೂಚನೆಯನ್ನು ರಾಜಪತ್ರದಲ್ಲಿ ಯಾರು ಬೇಕಾದರೂ ಓದಬಹುದು, ಅಲಿಯಾಸಿನ ತಿರುವನ್ನು ಹೊರಗಿನವರು ಕಾಣಲಾರರು.

ಅಲಿಯಾಸ್ ಸರಿಯಾಗಿ ಬರೆದಿದ್ದರೆ ಎಲ್ಲವೂ ಭದ್ರ ಎಂದು ತಿಳಿಯುವುದೂ ತಪ್ಪು. ಆವೃತ್ತಿಯು ಏಜೆಂಟಿನ ಸೂಚನೆ ಮತ್ತು ಜೋಡಣೆಗಳನ್ನು ಹಿಡಿದಿಡುತ್ತದೆ. ಅದು ತೆರೆದು ನೋಡುವ ಭಂಡಾರದೊಳಗಿನ ದಾಖಲೆಗಳನ್ನು ಹಿಡಿದಿಡುವುದಿಲ್ಲ. ಭಂಡಾರದ ಸುತ್ತೋಲೆಯೊಂದನ್ನು ತೆಗೆದು ಹೊಸದನ್ನು ಇಟ್ಟರೆ, ಅಲಿಯಾಸ್ ಅದೇ, ಆವೃತ್ತಿ ಅದೇ, ಉತ್ತರ ಮಾತ್ರ ಬೇರೆ. ಇಷ್ಟಲ್ಲದೆ ಭಾಷಾ ಮಾದರಿಯು ಒಂದೇ ಪ್ರಶ್ನೆಗೆ ಎರಡು ಸಲ ಎರಡು ಬಗೆಯ ವಾಕ್ಯಗಳನ್ನು ರಚಿಸಬಲ್ಲದು. ಆದುದರಿಂದ ಹೊಣೆಯರಿತ ಸಂಸ್ಥೆ ಅಲಿಯಾಸಿನ ಇತಿಹಾಸವನ್ನಷ್ಟೇ ಅಲ್ಲ, ಭಂಡಾರದ ದಾಖಲೆಗಳು ಯಾವ ದಿನ ಬದಲಾದವು, ಯಾವ ಪ್ರಶ್ನೆಗೆ ಯಾವ ಉತ್ತರ ಹೋಯಿತು ಎಂಬುದನ್ನೂ ಕಾಪಾಡಬೇಕು.

ಇತಿಹಾಸದ ವಿಷಯದಲ್ಲಿ ಆ ಸೇವೆಯ ಒಂದು ಗುಣವನ್ನು ಹೇಳಲೇಬೇಕು. ಒಂದು ಅಲಿಯಾಸ್ ಯಾವ ಆವೃತ್ತಿಯನ್ನು ಎಂದಿನಿಂದ ಎಂದಿನವರೆಗೆ ತೋರಿತು ಎಂಬ ಪಟ್ಟಿಯನ್ನು ಅದು ತಾನೇ ಇಟ್ಟುಕೊಳ್ಳುತ್ತದೆ. ಜಮೀನು ಕೊಳ್ಳುವ ಮುನ್ನ ನಾವು ತೆಗೆಸುವ ವಿಲ್ಲಂಗ ಪತ್ರದಂತೆ ಇದು. ಆದರೆ ಕಡತದಲ್ಲಿ ಅಲಿಯಾಸನ್ನು ಬೇರೊಂದು ಏಜೆಂಟಿಗೆ ಸೇರಿಸಿ ಬರೆದರೆ, ಕ್ಲೌಡ್‌ಫಾರ್ಮೇಷನ್ ಹಳೆಯ ಅಲಿಯಾಸನ್ನು ಅಳಿಸಿ ಹೊಸದನ್ನು ಹುಟ್ಟಿಸುತ್ತದೆ. ಹೆಸರು 'ಲೈವ್' ಎಂದೇ ಇರಬಹುದು, ಅದರ ಒಳಗಿನ ಗುರುತು ಮಾತ್ರ ಬೇರೆ. ಅಜ್ಜನ ಹೆಸರನ್ನೇ ಮೊಮ್ಮಗನಿಗಿಟ್ಟರೆ ಮೊಮ್ಮಗ ಅಜ್ಜನಾಗುವುದಿಲ್ಲ ಎಂಬುದನ್ನು ಎಷ್ಟೋ ಪಾಲುಪಟ್ಟಿಯ ದಾವೆಗಳಲ್ಲಿ ನಾವು ವಾದಿಸಿಲ್ಲವೆ!

ಈಗ ಹೊಣೆಯ ಪ್ರಶ್ನೆ. ಸಹಾಯಕ ತಪ್ಪು ಹೇಳಿದರೆ ಯಾರು ಉತ್ತರವಾದಿ? ಕೆನಡಾ ದೇಶದ ಒಂದು ತೀರ್ಪು ಇಲ್ಲಿ ದಾರಿದೀಪ. 2022ರ ನವೆಂಬರ್‌ನಲ್ಲಿ ಅಜ್ಜಿಯನ್ನು ಕಳೆದುಕೊಂಡ ಒಬ್ಬ ಪ್ರಯಾಣಿಕ ಏರ್ ಕೆನಡಾ ವಿಮಾನ ಸಂಸ್ಥೆಯ ಜಾಲತಾಣದ ಸಹಾಯಕವನ್ನು ಕೇಳಿದ. ಸಾವಿನ ಸಂದರ್ಭದ ರಿಯಾಯಿತಿಗೆ ಟಿಕೆಟ್ ಕೊಂಡ ಮೇಲೆ 90 ದಿನಗಳೊಳಗೆ ಅರ್ಜಿ ಹಾಕಬಹುದು ಎಂದು ಅದು ಹೇಳಿತು. ಸಂಸ್ಥೆಯ ನಿಜವಾದ ನಿಯಮ ಹಾಗಿರಲಿಲ್ಲ. ಸಹಾಯಕವು ತನ್ನ ಮಾತಿಗೆ ತಾನೇ ಹೊಣೆಯಾದ ಪ್ರತ್ಯೇಕ ಘಟಕ ಎಂಬರ್ಥದ ವಾದವನ್ನು ಸಂಸ್ಥೆ ಮುಂದಿಟ್ಟಿತು. ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರವರಿ 14ರಂದು ಆ ವಾದವನ್ನು ತಳ್ಳಿಹಾಕಿತು. ಜಾಲತಾಣದ ಸಾದಾ ಪುಟವಾಗಲಿ ಸಹಾಯಕವಾಗಲಿ, ಅದರಲ್ಲಿರುವ ಮಾಹಿತಿಗೆಲ್ಲ ಸಂಸ್ಥೆಯೇ ಹೊಣೆ ಎಂದು ಹೇಳಿ ಪರಿಹಾರ ಕೊಡಿಸಿತು. ಮೊತ್ತ ಬಡ್ಡಿ, ಶುಲ್ಕ ಸೇರಿ 812 ಡಾಲರುಗಳಷ್ಟೇ. ಆ ಪ್ರಯಾಣಿಕ ಗೆದ್ದದ್ದರಲ್ಲಿ ಒಂದು ಸಣ್ಣ ಸಂಗತಿಯ ಪಾತ್ರ ದೊಡ್ಡದು: ಅವನು ಸಹಾಯಕದ ಉತ್ತರದ ಪರದೆಚಿತ್ರವನ್ನು ತೆಗೆದಿಟ್ಟುಕೊಂಡಿದ್ದ. ಆ ತೀರ್ಪು ನಮ್ಮ ನ್ಯಾಯಾಲಯಗಳನ್ನು ಬಂಧಿಸದು, ಆದರೆ ಅದರ ತರ್ಕ ನಮಗೆ ಅಪರಿಚಿತವಲ್ಲ. ಅಂಗಡಿಯ ಗುಮಾಸ್ತ ಮಾತು ಕೊಟ್ಟರೆ ಮಾಲೀಕ ಕಟ್ಟುಬೀಳುವ ಸಂದರ್ಭಗಳನ್ನು ನಮ್ಮ ಕರಾರು ಕಾನೂನೂ ಬಲ್ಲದು.

ಪರದೆಚಿತ್ರವನ್ನು ನಮ್ಮ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೆಯ ಕಲಮಿನ ಮೇರೆಗೆ ಪ್ರಮಾಣಪತ್ರ ಬೇಕು. ಅದರ ನಮೂನೆ ಆ ಅಧಿನಿಯಮದ ಅನುಸೂಚಿಯಲ್ಲಿದೆ. ಕಡತದ ಹ್ಯಾಶ್ ಮೌಲ್ಯ, ಅಂದರೆ ಒಂದು ಅಕ್ಷರ ಬದಲಾದರೂ ಬದಲಾಗಿಬಿಡುವ ಗಣಕದ ಬೆರಳಚ್ಚನ್ನು, ಅದರಲ್ಲಿ ನಮೂದಿಸಬೇಕು. ಮೊಬೈಲನ್ನು ಮಾರುವ ಮೊದಲು, ಚಿತ್ರಗಳನ್ನು ಅಳಿಸುವ ಮೊದಲು ಇದು ನೆನಪಿರಲಿ.

ಆ ತಾಯಿ-ಮಗಳ ವಿಷಯಕ್ಕೆ ಮರಳುತ್ತೇನೆ. ಮಗಳ ತಮ್ಮ, ಏಳನೆಯ ತರಗತಿಯ ಹುಡುಗ, ಮೊದಲ ದಿನದ ಉತ್ತರವನ್ನು ಅಕ್ಕನಿಗೆ ಓದಿ ಹೇಳಲೆಂದು ಪರದೆಚಿತ್ರ ತೆಗೆದಿದ್ದ. ಅದರಲ್ಲಿ ದಿನಾಂಕವೂ ಗಂಟೆಯೂ ಇದ್ದವು. ನಾನು ಸಂಸ್ಥೆಗೆ ಬೆದರಿಕೆಯ ನೋಟಿಸು ಬರೆಯಲಿಲ್ಲ. ಚಿತ್ರವನ್ನು ಲಗತ್ತಿಸಿ ಮೂರು ಪ್ರಶ್ನೆಗಳನ್ನಷ್ಟೇ ಕೇಳಿದೆ. ಈ ದಿನ ಈ ಗಂಟೆಯಲ್ಲಿ ನಿಮ್ಮ ಸಹಾಯಕದ ಯಾವ ಆವೃತ್ತಿ ಸಾರ್ವಜನಿಕರಿಗೆ ಉತ್ತರಿಸುತ್ತಿತ್ತು? ಆ ಬಳಿಕ ಅದನ್ನು ಯಾವ ದಿನ, ಯಾರ ಅನುಮತಿಯಿಂದ ಬದಲಿಸಲಾಯಿತು? ಆ ಬದಲಾವಣೆಯ ಲಿಖಿತ ದಾಖಲೆ ಎಲ್ಲಿದೆ?

ಮೂರು ವಾರಗಳ ನಂತರ ಉತ್ತರ ಬಂತು. ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ಅದರಲ್ಲಿ ಉತ್ತರವಿರಲಿಲ್ಲ. 'ವಿಶೇಷ ಪ್ರಕರಣವೆಂದು ಪರಿಗಣಿಸಿ' ಕಂದಾಯ ಅಧಿಕಾರಿಯ ಪತ್ರವನ್ನು ತಡವಾಗಿ ಸಲ್ಲಿಸಲು ಅವಕಾಶ ಕೊಟ್ಟಿದ್ದರು. ಮಗಳಿಗೆ ವಿದ್ಯಾರ್ಥಿವೇತನ ದೊರೆಯಿತು, ತಾಯಿ ಸಂತೋಷಪಟ್ಟರು. ನನಗೆ ಅರ್ಧ ಸಂತೋಷ. ಅದೇ ವಾರ ಅದೇ ಉತ್ತರವನ್ನು ನಂಬಿ, ಪರದೆಚಿತ್ರ ತೆಗೆಯದೆ, ಅರ್ಜಿ ಕಳೆದುಕೊಂಡ ಬೇರೆ ಮಕ್ಕಳು ಇದ್ದಿರಬಹುದು. ಅವರಿಗೆ ಈ ದಯೆ ತಲುಪುವುದಿಲ್ಲ. ದಾಖಲೆ ಇದ್ದಿದ್ದರೆ ಸಂಸ್ಥೆಯೇ ಅವರನ್ನು ಹುಡುಕಿ ತಿಳಿಸಬಹುದಿತ್ತು.

ಸರ್ಕಾರದ ಸೇವೆಗಳೂ ಈ ದಾರಿಯಲ್ಲಿ ಬರುತ್ತಿವೆ. ಪಿಎಂ-ಕಿಸಾನ್ ಯೋಜನೆಯ ರೈತರಿಗಾಗಿ ಕಿಸಾನ್ ಇ-ಮಿತ್ರ ಎಂಬ ಸಹಾಯಕ 2023ರ ಸೆಪ್ಟೆಂಬರ್‌ನಲ್ಲೇ ಆರಂಭವಾಗಿದೆ. ನಾಳೆ ಪಟ್ಟಾ, ಪಡಿತರ, ಪ್ರವೇಶ ಎಲ್ಲಕ್ಕೂ ಇಂಥವೇ ಮುಂದೆ ನಿಲ್ಲಬಹುದು. ನಮ್ಮಂಥ ಅಲ್ಪಸಂಖ್ಯಾತ ಭಾಷಿಕರಿಗೆ ಕಚೇರಿಯಲ್ಲಿ ದೊರೆಯದ ಕನ್ನಡದ ಉತ್ತರ ಯಂತ್ರದಿಂದ ದೊರೆತರೆ ಅದು ದೊಡ್ಡ ಉಪಕಾರ. ಆದುದರಿಂದ ಇದನ್ನು ಹೆದರಿಕೆಯಿಂದ ಬರೆಯುತ್ತಿಲ್ಲ. ಒಂದು ಎಚ್ಚರಿಕೆಯನ್ನು ಮಾತ್ರ ಹೇಳುತ್ತಿದ್ದೇನೆ. ಹಣ, ಪ್ರವೇಶ, ಕೊನೆಯ ದಿನಾಂಕ ಇವುಗಳ ಬಗ್ಗೆ ಯಂತ್ರವನ್ನು ಕೇಳಿದಾಗ ಉತ್ತರದ ಚಿತ್ರವನ್ನು ದಿನಾಂಕ ಕಾಣುವಂತೆ ತೆಗೆದಿಡಿ. ಕೇಳಿದ ಪ್ರಶ್ನೆಯೂ ಅದರಲ್ಲಿ ಇರಲಿ. ಅದೇ ಪ್ರಶ್ನೆಯನ್ನು ಸಂಸ್ಥೆಯ ಲಿಖಿತ ನಿಯಮದೊಡನೆ ಒಮ್ಮೆ ತಾಳೆ ನೋಡಿ. ವಿವಾದ ಬಂದರೆ 'ನಿಮ್ಮ ಸಹಾಯಕ ಹೇಳಿತು' ಎಂದು ನಿಲ್ಲಿಸದೆ, 'ಆ ದಿನ ಯಾವ ಆವೃತ್ತಿ ಹೇಳಿತು' ಎಂದು ಕೇಳಿ.

ಈ ಅಂಕಣವನ್ನು ಓದುವ ಮಕ್ಕಳಲ್ಲಿ ಕೆಲವರಾದರೂ ಮುಂದೆ ಆ ಏಳೆಂಟು ಸಾಲುಗಳನ್ನು ಬರೆಯುವ ಕೆಲಸಕ್ಕೆ ಹೋಗುತ್ತಾರೆ. ಅವರಿಗೊಂದು ಮಾತು. ಆವೃತ್ತಿಯ ಸಂಖ್ಯೆಯ ಜಾಗವನ್ನು ಖಾಲಿ ಬಿಡಬೇಡಿ. ವಿವರಣೆಯ 200 ಅಕ್ಷರಗಳಲ್ಲಿ ಏಕೆ ಬದಲಿಸಿದಿರಿ ಎಂಬುದನ್ನು ಬರೆಯಿರಿ. ನೀವು ತಿರುಗಿಸುವ ಹೆಸರಿನ ಆ ಬದಿಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದ ಒಬ್ಬ ತಾಯಿ ಕಾಯುತ್ತಿರುತ್ತಾರೆ ಎಂಬುದು ನೆನಪಿರಲಿ.

ಹೆತ್ತವರಿಗೂ ಒಂದು ಕೋರಿಕೆ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ನಿಮ್ಮ ಮಗುವಿನ ಹೆಸರನ್ನೂ ನಿಮ್ಮ ಹೆಸರನ್ನೂ ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಹೇಗೆ ಬರೆದಿದ್ದಾರೆಂದು ಈ ವರ್ಷವೇ ಹೋಗಿ ನೋಡಿ ಬನ್ನಿ. ತಿದ್ದುವುದಿದ್ದರೆ ಅದು ಇನ್ನೂ ಕರಡಾಗಿರುವಾಗಲೇ ತಿದ್ದಿಸುವುದು ಸುಲಭ.